ಮೊದಲು ಪೆಟ್ಟಿಗೆ, ಆಮೇಲೆ ಬೀದಿ

ಪ್ರಶ್ನೆ: ಹೂವು, ಮುಖ ಚೆನ್ನಾಗಿ ಬಿಡಿಸುತ್ತೇನೆ. ಮನೆ, ಬೀದಿ ಮಾತ್ರ ಸೊಟ್ಟಗಾಗುತ್ತವೆ. ಏನು ಮಾಡಲಿ?
– ಓದುಗರು, ಬ್ಯಾಡಗಿ

ಉತ್ತರ: ದಿನವೂ ನಾಲ್ಕೈದು ಪೆಟ್ಟಿಗೆ ಬಿಡಿಸಿ. ಕಣ್ಣಿನ ಮಟ್ಟಕ್ಕೆ ಅಡ್ಡಗೆರೆ ಎಳೆದು, ಎರಡೂ ತುದಿಗೆ ಬಿಂದು ಇಡಿ. ಹತ್ತಿರವಾದರೆ ಪೆಟ್ಟಿಗೆ ತಿರುಚಿಕೊಳ್ಳುತ್ತದೆ, ದೂರವಿರಲಿ. ಮುಂದಿನ ಮೂಲೆಯನ್ನು ನೆಟ್ಟಗೆ ಬರೆದು, ಅದರ ಮೇಲ್ತುದಿ, ಕೆಳತುದಿಗಳಿಂದ ಎರಡೂ ಬಿಂದುಗಳತ್ತ ಗೆರೆ ಹಾಯಿಸಿ. ಸ್ಕೇಲ್ ಬೇಡ, ಕೈ ಭುಜದಿಂದ ಆಡಲಿ.

ಪಳಗಿದ ಮೇಲೆ ಬಿಂದುಗಳಿಲ್ಲದೆ, ಅಂದಾಜಿನಲ್ಲೇ ಬರೆಯಿರಿ. ಆಮೇಲೆ ಕೆಂಪು ಪೆನ್ನಿನಲ್ಲಿ ಅಂಚುಗಳನ್ನು ಹಿಂದಕ್ಕೆ ಚಾಚಿ. ಒಂದೇ ದಿಕ್ಕಿನ ಗೆರೆಗಳು ಹತ್ತಿರವಾಗುವ ಬದಲು ದೂರ ಸರಿದರೆ ತಪ್ಪು ಅಲ್ಲಿದೆ. ಮುಂದಿನ ಪೆಟ್ಟಿಗೆಯಲ್ಲಿ ತಿದ್ದಿಕೊಳ್ಳಿ.

ಬಳಿಕ ನಿಮ್ಮೂರ ಮೆಣಸಿನಕಾಯಿ ಮಾರುಕಟ್ಟೆಯ ಅಂಗಡಿ ಸಾಲು, ಹಾವೇರಿಯ ಪುರಸಿದ್ಧೇಶ್ವರ ದೇಗುಲ ಬರೆಯಿರಿ. ಮೊದಲು ಇಡೀ ಕಟ್ಟಡವನ್ನು ಪೆಟ್ಟಿಗೆಗಳಾಗಿ ಕೂರಿಸಿ, ಕೆತ್ತನೆ ಕೊನೆಗೆ. ಬೇಸರವೆನಿಸಿದರೂ ಬಿಡಬೇಡಿ, ಖಂಡಿತ ಫಲ ಸಿಗುತ್ತದೆ.