ಹರಿಯುತ್ತಲೇ ತಯಾರಾಗುವ ಔಷಧ



ಬೆಳಗಾದರೆ ನಮ್ಮೂರಿನ ಎಷ್ಟೋ ಅಣ್ಣಂದಿರು, ಅಕ್ಕಂದಿರು ಬೊಮ್ಮಸಂದ್ರ, ಜಿಗಣಿ ಕಡೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಔಷಧದ ರಾಸಾಯನಿಕ ತಯಾರಿಸುವ ಕಂಪನಿಗಳಿವೆ. 1993ರಲ್ಲಿ ಬಯೋಕಾನ್ ಶುರುಮಾಡಿದ ಸಿಂಜೀನ್, ಆಂಥೆಮ್ ಬಯೋಸೈನ್ಸಸ್ ಮುಂತಾದ ಕಡೆ ‘ನಿರಂತರ ಹರಿವಿನ ವಿಧಾನ’ ಬಳಸುತ್ತಾರೆ. ಅವರು ಇದಕ್ಕೆ ಫ್ಲೋ ಕೆಮಿಸ್ಟ್ರಿ ಅಂತಾರೆ. ಅದರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಬರೆದಿದ್ದೇನೆ.

ಎರಡು ವಿಧಾನಗಳು

ಮುದ್ದೆ ಮಾಡುವಾಗ ನೀರು, ಹಿಟ್ಟು ಒಂದೇ ಪಾತ್ರೆಗೆ ಹಾಕಿ, ಬೇಯಿಸಿ, ಹಿಟ್ಟಿನ ಕೋಲಿನಿಂದ ತಿರುವಿ ಇಳಿಸುತ್ತೇವೆ. ಇನ್ನಷ್ಟು ಬೇಕಾದರೆ ಮತ್ತೆ ಎಸರಿಡಬೇಕು. ಇದು ‘ಬ್ಯಾಚ್’ ವಿಧಾನ. ಹಿಟ್ಟಿನ ಮಿಲ್ಲಿನಲ್ಲಿ ಹಾಗಲ್ಲ. ಮೇಲೆ ರಾಗಿ ಸುರೀತಾ ಇದ್ದರೆ ಕೆಳಗೆ ಹಿಟ್ಟು ಬರ್ತಾನೇ ಇರುತ್ತೆ. ಇದು ನಿರಂತರ ವಿಧಾನ.

ಇದು ತೀರಾ ಹೊಸದಲ್ಲ. ಜರ್ಮನಿಯ ಓಪ್ಪೌನಲ್ಲಿ 1913ರಿಂದಲೇ ಅಮೋನಿಯವನ್ನು ಹೀಗೆ ತಯಾರಿಸಿದರು. ಆದರೆ ಔಷಧಗಳನ್ನು ಬಹುಕಾಲ ದೊಡ್ಡ ಪಾತ್ರೆಯಲ್ಲೇ ಮಾಡುತ್ತಿದ್ದರು.

ಹೇಗೆ ನಡೆಯುತ್ತದೆ?

ಎರಡು ಪಂಪುಗಳು ಎರಡು ದ್ರವಗಳನ್ನು ತಳ್ಳುತ್ತವೆ. ಅವು ಒಂದು ಕಡೆ ಕೂಡಿ, ಸುರುಳಿ ಸುತ್ತಿದ ಸಣ್ಣ ಕೊಳವೆಯೊಳಗೆ ಹರಿಯುತ್ತವೆ. ಹರಿಯುತ್ತಲೇ ಕ್ರಿಯೆ ಮುಗಿದು, ಆ ತುದಿಯಲ್ಲಿ ಹೊಸ ವಸ್ತು ಬರುತ್ತದೆ.

1 ಮಿ.ಮೀ. ಒಳವ್ಯಾಸದ ಕೊಳವೆ ಸುಮಾರು 12.7 ಮೀಟರ್ ಉದ್ದವಿದ್ದರೆ 10 ಮಿ.ಲೀ. ಹಿಡಿಯುತ್ತೆ. ನಿಮಿಷಕ್ಕೆ 1 ಮಿ.ಲೀ. ಹರಿಸಿದರೆ ದ್ರವ ಒಳಗೆ 10 ನಿಮಿಷ ಇರುತ್ತೆ. ದಿನಕ್ಕೆ 1,440 ಮಿ.ಲೀ. ಹೊರಬರುತ್ತೆ. ಆದರೆ ಯಾವ ಹೊತ್ತಿನಲ್ಲಿ ನೋಡಿದರೂ ಕೊಳವೆಯಲ್ಲಿ ಇರುವುದು ಬರೀ 10 ಮಿ.ಲೀ.! ಇದೇ ಮುಖ್ಯ ವಿಷಯ.

ಕಾವಿನ ಲೆಕ್ಕ

ಬಹಿರುಷ್ಣಕ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ ಅಂತ ಪಾಠದಲ್ಲಿ ಓದಿದ್ದೇವೆ. ಆ ಶಾಖ ಗೋಡೆಯ ಮೂಲಕ ಹೊರಗೆ ಹೋಗಬೇಕು. 1 ಮೀಟರ್ ವ್ಯಾಸದ ಪಾತ್ರೆಯಲ್ಲಿ ಒಂದು ಲೀಟರ್ ದ್ರವಕ್ಕೆ ಸಿಗುವ ಪಕ್ಕದ ಗೋಡೆ 40 ಚದರ ಸೆಂ.ಮೀ. ಮಾತ್ರ. 1 ಮಿ.ಮೀ. ಕೊಳವೆಯಲ್ಲಿ ಅದೇ ಲೀಟರಿಗೆ 40,000 ಚದರ ಸೆಂ.ಮೀ. ಸಿಗುತ್ತೆ. ಸಾವಿರ ಪಟ್ಟು! ಹಾಗಾಗಿ ಕೊಳವೆ ಬೇಗ ತಣಿಯುತ್ತೆ.

ನಮಗೇಕೆ ಇದು ಮುಖ್ಯ?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಕೀಟನಾಶಕ ಕಾರ್ಖಾನೆಯ ಒಂದೇ ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸೈನೇಟ್ ಕೂಡಿಟ್ಟಿದ್ದರು. ಅದಕ್ಕೆ ನೀರು ಸೇರಿ, ಕಾವು ಏರಿ, ವಿಷಾನಿಲ ಊರ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಆಮೇಲೆ ಅಮೆರಿಕದ ಡ್ಯುಪಾಂಟ್ ಕಂಪನಿ ಅದೇ ವಸ್ತುವನ್ನು ಕೂಡಿಡದೆ, ತಯಾರಾದ ಹಾಗೇ ಬಳಸಿ ಮುಗಿಸುವ ವಿಧಾನ ತಂದಿತು. ಕೂಡಿಡದೇ ಇದ್ದದ್ದು ಸೋರುವುದಿಲ್ಲ, ಅಲ್ಲವೇ?

ತೊಂದರೆಗಳೂ ಇವೆ

1. ಕ್ರಿಯೆಯಲ್ಲಿ ಗಟ್ಟಿ ಪದಾರ್ಥ ಉಂಟಾದರೆ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತೆ.
2. ಬಹಳ ನಿಧಾನದ ಕ್ರಿಯೆಗೆ ತುಂಬಾ ಉದ್ದದ ಕೊಳವೆ ಬೇಕು.
3. ಕೊಳವೆಯಲ್ಲಿ ಇರುವುದು ಕಡಿಮೆಯಾದರೂ, ಹೊರಗೆ ಡ್ರಮ್ಮುಗಳಲ್ಲಿ ಇಟ್ಟ ಕಚ್ಚಾ ವಸ್ತುವಿನ ಅಪಾಯ ಹೋಗುವುದಿಲ್ಲ. ಎಚ್ಚರ ಬೇಕೇ ಬೇಕು.

ನಾವೂ ನಾಳೆ ಅಲ್ಲೇ ಕೆಲಸಕ್ಕೆ ಸೇರಬಹುದು. ಆಗ ‘ಇಲ್ಲಿ ಒಂದು ಹೊತ್ತಿಗೆ ಎಷ್ಟು ವಿಷವಸ್ತು ಇರುತ್ತೆ?’ ಅಂತ ಕೇಳುವಷ್ಟು ವಿಜ್ಞಾನ ನಮಗೆ ಗೊತ್ತಿರಬೇಕು.

ಲೆಕ್ಕ ಮಾಡಿ: 30 ಮಿ.ಲೀ. ಹಿಡಿಯುವ ಕೊಳವೆಯಲ್ಲಿ ನಿಮಿಷಕ್ಕೆ 2 ಮಿ.ಲೀ. ಹರಿಸಿದರೆ ದ್ರವ ಎಷ್ಟು ನಿಮಿಷ ಒಳಗಿರುತ್ತದೆ? ಉತ್ತರ ಬರೆದು ವಿಜ್ಞಾನ ಮೇಷ್ಟ್ರಿಗೆ ತೋರಿಸಿ.

– ನಿಮ್ಮ ಸಹಪಾಠಿ, 10ನೇ ತರಗತಿ