ಮೋತಿಯ ಪುಟ್ಟ ಹೊಟ್ಟೆ

(ಸಾಕಿದ ಪ್ರಾಣಿಯ ಮೇಲೆ ನಮಗೆ ಬಹಳ ಪ್ರೀತಿ. ಆದರೆ ನಮಗೆ ರುಚಿಸುವುದೆಲ್ಲ ಅದಕ್ಕೆ ಹಿತವಾಗುವುದಿಲ್ಲ. ಹೊಟ್ಟೆ ಸೂಕ್ಷ್ಮವಾಗಿರುವ ನಾಯಿಮರಿಗೆ ಎಂಥ ಆಹಾರ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಈ ಪಾಠದಲ್ಲಿ ಹೇಳಲಾಗಿದೆ.)

ಮಕ್ಕಳೇ, ನಿಮ್ಮ ಕಾಕಾ ಹೊಲದಿಂದ ಒಂದು ನಾಯಿಮರಿಯನ್ನು ತಂದಿದ್ದಾರೆ ಎಂದುಕೊಳ್ಳಿರಿ. ಅದಕ್ಕೆ ಎರಡು ತಿಂಗಳು. ಮೈ ಕಂದು, ಎದೆ ಬಿಳಿ. ಅಂಗಳದಲ್ಲಿ ಇಳಿಸಿದೊಡನೆ ಅದು ಬಾಲ ಅಲ್ಲಾಡಿಸುತ್ತ ನಿಮ್ಮ ಕಾಲನ್ನು ಮೂಸಿ ನೋಡಿತು. ನೀವು ಅದಕ್ಕೆ ಮೋತಿ ಎಂದು ಹೆಸರಿಟ್ಟಿರಿ.

ಆ ದಿನ ಮನೆಯಲ್ಲಿ ಹಬ್ಬವೇ ಹಬ್ಬ. ಅಜ್ಜಿ ಒಂದು ಬಟ್ಟಲು ತುಂಬ ಎಮ್ಮೆಯ ಹಾಲು ಇಟ್ಟಳು. ತಮ್ಮ ತನ್ನ ಬಿಸ್ಕೀಟಿನಲ್ಲಿ ಅರ್ಧ ಕೊಟ್ಟ. ಅಕ್ಕ ಜೋಳದ ರೊಟ್ಟಿಯನ್ನು ಖಾರದ ಸಾರಿನಲ್ಲಿ ನೆನೆಸಿ ಹಾಕಿದಳು. ನೀವು ಯಾರಿಗೂ ಕಾಣದಂತೆ ಒಂದು ಶೇಂಗಾ ಉಂಡಿಯನ್ನು ತಿನ್ನಿಸಿದಿರಿ. ಮೋತಿ ಬೇಡವೆನ್ನಲಿಲ್ಲ. ಎಲ್ಲವನ್ನೂ ತಿಂದಿತು. ಸಂಜೆಯ ಹೊತ್ತಿಗೆ ಅದರ ಹೊಟ್ಟೆ ಊದಿ ಡೋಲಿನಂತಾಯಿತು.

ರಾತ್ರಿಯೆಲ್ಲ ಅದು ಕುಂಯ್ ಕುಂಯ್ ಎಂದು ನರಳಿತು. ಬೆಳಗಾಗುವುದರೊಳಗೆ ನಾಲ್ಕು ಸಲ ನೀರಿನಂತೆ ಭೇದಿಯಾಗಿತ್ತು. ನೀವು ಕರೆದರೂ ಮೋತಿ ಏಳಲಿಲ್ಲ. ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಕಾಲುಗಳ ನಡುವೆ ಮೂತಿ ಇಟ್ಟುಕೊಂಡು ಮಲಗಿತು.

ಮನೆಯಲ್ಲಿ ಯಾರೂ ಮೋತಿಗೆ ಕೆಟ್ಟದ್ದನ್ನು ಬಯಸಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದರು. ಹಾಗಾದರೆ ತಪ್ಪಾದದ್ದು ಎಲ್ಲಿ?

ದವಾಖಾನೆಯಲ್ಲಿ

ಕಾಕಾ ಮೋತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಹೊರಟರು. ನೀವೂ ಜೊತೆಗೆ ಹೋದಿರಿ. ಡಾಕ್ಟರು ಮೊದಲು ಅದನ್ನು ತೂಗಿದರು. ಬಾಯಿ ತೆರೆದು ವಸಡುಗಳನ್ನು ನೋಡಿದರು. ಬೆನ್ನ ಮೇಲಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಟ್ಟರು. ಚರ್ಮ ಕೂಡಲೇ ತನ್ನ ಜಾಗಕ್ಕೆ ಹೋಯಿತು.

"ಮೈಯಲ್ಲಿ ನೀರು ಇನ್ನೂ ಇದೆ. ಬೇಗ ತಂದಿರಿ, ಒಳ್ಳೆಯದಾಯಿತು" ಎಂದರು ಡಾಕ್ಟರು. "ಭೇದಿಯಾದರೆ ಮೈಯೊಳಗಿನ ನೀರು ಹೊರಗೆ ಹೋಗುತ್ತದೆ. ದೊಡ್ಡ ನಾಯಿ ಸ್ವಲ್ಪ ತಡೆದೀತು. ಇಷ್ಟು ಪುಟ್ಟ ಮರಿ ತಡೆಯಲಾರದು. ತಡಮಾಡಿದರೆ ಜೀವಕ್ಕೇ ಅಪಾಯ. ಇರಲಿ, ನಿನ್ನೆ ಇದಕ್ಕೆ ಏನೇನು ಕೊಟ್ಟಿರಿ?"

ಕಾಕಾ ಹಾಲು, ಬಿಸ್ಕೀಟು, ರೊಟ್ಟಿಯ ಮಾತು ಹೇಳಿದರು. ಉಂಡಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿಮಗೊಬ್ಬರಿಗೇ. ಬೈಸಿಕೊಳ್ಳಬೇಕಾದೀತೆಂದು ನಿಮಗೆ ಹೆದರಿಕೆ. ಆದರೂ ಹೇಳಿಬಿಟ್ಟಿರಿ: "ನಾನು ಒಂದು ಉಂಡಿ ತಿನ್ನಿಸಿದೆ."

ಡಾಕ್ಟರ ಮುಖ ಗಂಭೀರವಾಯಿತು. "ಉಂಡಿಯಲ್ಲಿ ಒಣದ್ರಾಕ್ಷಿ ಇತ್ತೆ?"

"ಇಲ್ಲ. ಬರೀ ಶೇಂಗಾ, ಬೆಲ್ಲ."

"ಸದ್ಯ! ಹೇಳಿದ್ದು ಒಳ್ಳೆಯದಾಯಿತು ಮಗು. ಏನು ತಿಂದೆ ಎಂದು ಮೋತಿ ಹೇಳಲಾರದು. ಅದರ ಪರವಾಗಿ ನಾವೇ ಹೇಳಬೇಕು."

ಆಮೇಲೆ ಡಾಕ್ಟರು ಮೋತಿಯ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಜಂತುಹುಳುವಿನ ಮೊಟ್ಟೆಗಳು ಕಂಡವು. ಎಂದರೆ ಮೋತಿಯ ಹೊಟ್ಟೆ ಕೆಡಲು ಎರಡು ಕಾರಣಗಳಿದ್ದವು. ಒಂದು, ಒಂದೇ ದಿನ ತಿಂದ ಹಲವು ಬಗೆಯ ಆಹಾರ. ಇನ್ನೊಂದು, ಮೊದಲೇ ಹೊಟ್ಟೆಯಲ್ಲಿದ್ದ ಹುಳುಗಳು. ಡಾಕ್ಟರು ತೂಕಕ್ಕೆ ತಕ್ಕ ಔಷಧ ಕೊಟ್ಟರು. ಮರಿಗೆ ಎರಡು ವಾರ ತುಂಬಿದಾಗಿನಿಂದ ಹನ್ನೆರಡು ವಾರದವರೆಗೆ, ಎರಡು ವಾರಕ್ಕೊಮ್ಮೆ ಜಂತುಹುಳುವಿನ ಔಷಧ ಕೊಡಿಸಬೇಕು ಎಂದು ತಿಳಿಸಿದರು.

ಹಾಲು ಏಕೆ ಒಗ್ಗಲಿಲ್ಲ?

ನಾಯಿಮರಿ ಹಾಲು ಕುಡಿದೇ ಬೆಳೆಯುತ್ತದೆಯಲ್ಲ, ಮತ್ತೆ ಹಾಲು ಏಕೆ ಒಗ್ಗಲಿಲ್ಲ ಎಂದು ನೀವು ಕೇಳಬಹುದು. ಅದು ಕುಡಿದು ಬೆಳೆದದ್ದು ತಾಯಿನಾಯಿಯ ಹಾಲು. ಎಮ್ಮೆಯ ಹಾಲು ಬೇರೆ, ನಾಯಿಯ ಹಾಲು ಬೇರೆ.

ಎಲ್ಲ ಹಾಲಿನಲ್ಲಿಯೂ ಒಂದು ಬಗೆಯ ಸಕ್ಕರೆ ಇರುತ್ತದೆ. ಅದಕ್ಕೆ ಲ್ಯಾಕ್ಟೋಸ್ ಎಂದು ಹೆಸರು. 100 ಗ್ರಾಂ ಹಸುವಿನ ಅಥವಾ ಎಮ್ಮೆಯ ಹಾಲಿನಲ್ಲಿ ಅದು ಸುಮಾರು 5 ಗ್ರಾಂ ಇರುತ್ತದೆ. ನಾಯಿಯ ಹಾಲಿನಲ್ಲಿ ಸುಮಾರು 3 ಗ್ರಾಂ ಮಾತ್ರ. ಮರಿ ತಾಯಿಯ ಹಾಲು ಬಿಟ್ಟ ಮೇಲೆ ಈ ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಕಡಿಮೆಯಾಗುತ್ತ ಹೋಗುತ್ತದೆ. ಅರಗದೆ ಉಳಿದ ಸಕ್ಕರೆ ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ಆಗ ಭೇದಿಯಾಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಹುಳಿಯಿಸುತ್ತವೆ. ಆಗ ವಾಯು ತುಂಬಿ ಹೊಟ್ಟೆ ಉಬ್ಬುತ್ತದೆ.

ಕುರಿ ಹಿಂಡಿನ ಜೊತೆ ನಡೆಯುವ ದೊಡ್ಡ ನಾಯಿಗಳನ್ನು ನೀವು ನೋಡಿರಬಹುದು. ಅವು ರೊಟ್ಟಿ ತಿಂದು ಅರಗಿಸಿಕೊಳ್ಳುತ್ತವೆ. ಅದನ್ನು ಕಂಡು ಮರಿಗೂ ಎಲ್ಲವೂ ಅರಗುತ್ತದೆ ಎಂದು ತಿಳಿಯಬಾರದು.

ಏನು ಕೊಡಬೇಕು? ಹೇಗೆ ಕೊಡಬೇಕು?

ಡಾಕ್ಟರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೊದಲ ಎರಡು ಮೂರು ದಿನ ಸಪ್ಪೆ ಆಹಾರ. ಎರಡು ಪಾಲು ಮೆತ್ತಗೆ ಬೇಯಿಸಿದ ಅನ್ನ, ಒಂದು ಪಾಲು ಬೇಯಿಸಿದ ಕೋಳಿಮಾಂಸ. ಮಾಂಸದಲ್ಲಿ ಎಲುಬು ಇರಬಾರದು. ಉಪ್ಪು, ಖಾರ, ಎಣ್ಣೆ, ಮಸಾಲೆ ಹಾಕಬಾರದು. ಕೋಳಿಯ ಬದಲು ಬೇಯಿಸಿದ ಮೊಟ್ಟೆಯೂ ಆದೀತು. ಒಮ್ಮೆಗೆ ಬಹಳ ಕೊಡದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಕುಡಿಯಲು ಶುದ್ಧ ನೀರು ಯಾವಾಗಲೂ ಬಟ್ಟಲಲ್ಲಿರಬೇಕು. ಹೊಟ್ಟೆ ಕೆಟ್ಟಿದೆ ಎಂದು ಪುಟ್ಟ ಮರಿಯನ್ನು ದಿನವಿಡೀ ಉಪವಾಸ ಕೆಡವಬಾರದು.

ಆದರೆ ಸಪ್ಪೆ ಅನ್ನ ಕೆಲವು ದಿನಗಳಿಗೆ ಮಾತ್ರ. ಬೆಳೆಯುವ ಮರಿಗೆ ಎಲುಬು ಗಟ್ಟಿಯಾಗಬೇಕು, ಹಲ್ಲು ಬರಬೇಕು. ಅದಕ್ಕೆ ಪ್ರೋಟೀನು, ಕ್ಯಾಲ್ಸಿಯಂ ಬೇಕು. ಅಂಗಡಿಯ ಆಹಾರ ಕೊಡುವುದಾದರೆ ಅದು ಮರಿಗಳಿಗಾಗಿಯೇ ಮಾಡಿದ್ದೇ ಎಂದು ಚೀಲದ ಮೇಲೆ ಓದಿ ನೋಡಿರಿ. ದೊಡ್ಡ ನಾಯಿಗಳ ಆಹಾರ ಮರಿಗೆ ತಕ್ಕದ್ದಲ್ಲ. ಮನೆಯಲ್ಲಿಯೇ ಅಡಿಗೆ ಮಾಡಿ ಹಾಕುವುದಾದರೆ ಯಾವುದು ಎಷ್ಟಿರಬೇಕು ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿರಿ.

ಸೂಕ್ಷ್ಮ ಹೊಟ್ಟೆಯ ಮರಿಗೆ ಹೊಸ ಆಹಾರವನ್ನು ಒಮ್ಮೆಲೇ ಕೊಡಬಾರದು. ಏಳು ದಿನಗಳಲ್ಲಿ ಮೆಲ್ಲಮೆಲ್ಲನೆ ರೂಢಿ ಮಾಡಿಸಬೇಕು.

1 ಮತ್ತು 2ನೆಯ ದಿನ: ಹಳೆಯದು ಮುಕ್ಕಾಲು ಪಾಲು, ಹೊಸದು ಕಾಲು ಪಾಲು.
3 ಮತ್ತು 4ನೆಯ ದಿನ: ಹಳೆಯದು ಅರ್ಧ, ಹೊಸದು ಅರ್ಧ.
5 ಮತ್ತು 6ನೆಯ ದಿನ: ಹಳೆಯದು ಕಾಲು ಪಾಲು, ಹೊಸದು ಮುಕ್ಕಾಲು ಪಾಲು.
7ನೆಯ ದಿನ: ಪೂರ್ತಿ ಹೊಸದು.

ನಡುವೆ ಮಲ ತೆಳ್ಳಗಾದರೆ ಮುಂದಕ್ಕೆ ಹೋಗಬೇಡಿರಿ. ಹಿಂದಿನ ಅಳತೆಗೆ ಮರಳಿ ಬನ್ನಿರಿ.

ಮರಿಯ ಹೊಟ್ಟೆ ಚಿಕ್ಕದು. ಅದಕ್ಕೆ ಒಮ್ಮೆಗೆ ಬಹಳ ಹಿಡಿಸುವುದಿಲ್ಲ. ಎರಡರಿಂದ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಉಣಿಸಬೇಕು. ದಿನವೂ ಅದೇ ಹೊತ್ತಿಗೆ, ಅದೇ ಬಟ್ಟಲಲ್ಲಿ ಕೊಡಬೇಕು. ಉಣಿಸುವ ಕೆಲಸ ಮನೆಯಲ್ಲಿ ಒಬ್ಬರದೇ ಆಗಿದ್ದರೆ ಒಳ್ಳೆಯದು. ಹತ್ತು ಕೈಗಳು ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಮೋತಿಯ ವಹಿ

ದವಾಖಾನೆಯಿಂದ ಬಂದ ಮೇಲೆ ನೀವು ಒಂದು ಹಳೆಯ ವಹಿಯಲ್ಲಿ ನಾಲ್ಕು ಗೆರೆ ಎಳೆದಿರಿ. ದಿನಾಂಕ, ತಿಂದದ್ದು, ಎಷ್ಟು ಸಲ, ಮಲ ಹೇಗಿತ್ತು ಎಂದು ಬರೆಯತೊಡಗಿದಿರಿ. ಹತ್ತನೆಯ ದಿನ ವಹಿಯಲ್ಲಿ ಹೀಗಿತ್ತು: "ಅಜ್ಜಿ ಎರಡು ಚಮಚ ಹಾಲು ಕೊಟ್ಟಳು. ಸಂಜೆ ಮಲ ತೆಳ್ಳಗೆ." ಅಜ್ಜಿಗೆ ಅದನ್ನು ಓದಿ ಹೇಳಿದಿರಿ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾದ್ರ ಹಾಲು ಬ್ಯಾಡ ಬಿಡು" ಎಂದಳು.

ವಹಿಯಿಂದ ಆಗುವ ಉಪಯೋಗ ಇದೇ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ಕೊಟ್ಟು, ಮೂರು ನಾಲ್ಕು ದಿನ ಕಾಯಬೇಕು. ಆಗ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ನಾಲ್ಕನ್ನು ಒಟ್ಟಿಗೆ ಕೊಟ್ಟರೆ ಯಾವುದರಿಂದ ಹೊಟ್ಟೆ ಕೆಟ್ಟಿತೆಂದು ಯಾರೂ ಹೇಳಲಾರರು.

ಇವು ಬೇಡವೇ ಬೇಡ

ನಮ್ಮ ಕಡೆ ದ್ರಾಕ್ಷಿಯ ತೋಟಗಳು ಬಹಳ. ತಾಸಗಾಂವದ ಒಣದ್ರಾಕ್ಷಿ ಎಲ್ಲೆಡೆ ಪ್ರಸಿದ್ಧವಾಗಿದೆ. ಸೊಲ್ಲಾಪುರದ ಮಾರುಕಟ್ಟೆಗೆ ಲಾರಿಗಟ್ಟಲೆ ಉಳ್ಳಾಗಡ್ಡಿ ಬರುತ್ತದೆ. ಇವು ನಮಗೆ ಒಳ್ಳೆಯ ಆಹಾರ. ಆದರೆ ನಾಯಿಗೆ ವಿಷ. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ನಾಶಮಾಡುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಆದ್ದರಿಂದ ನಾವು ಉಣ್ಣುವ ಸಾರು, ಪಲ್ಯ ನಾಯಿಗೆ ಸಲ್ಲವು. ಚಾಕೊಲೇಟ್ ಕೂಡ ವಿಷವೇ. ಬೇಯಿಸಿದ ಎಲುಬು ಸೀಳಿ, ಮೊನಚಾದ ಚೂರುಗಳಾಗಿ ಗಂಟಲಿಗೋ ಕರುಳಿಗೋ ಚುಚ್ಚಬಹುದು. ನಾವು ನುಂಗುವ ಜ್ವರದ, ನೋವಿನ ಗುಳಿಗೆಗಳನ್ನು ಎಂದಿಗೂ ಕೊಡಬಾರದು.

ಮರಿಯ ಮಲದಲ್ಲಿ ರಕ್ತ ಕಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ನೀರನ್ನೂ ಕುಡಿಯದೆ ಮಲಗಿದರೆ ನಾಳೆಗೆ ತಡೆಯಬೇಡಿರಿ. ಅಂದೇ ದವಾಖಾನೆಗೆ ಒಯ್ಯಲು ಹಿರಿಯರಿಗೆ ಹೇಳಿರಿ. ಅದು ಪಾರ್ವೋ ಎಂಬ ಭಯಂಕರ ರೋಗವಿರಬಹುದು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಹಾಕಿಸಲು ಆರಂಭಿಸಿ, ಡಾಕ್ಟರು ಹೇಳಿದ ದಿನಗಳಂದು ಮತ್ತೆ ಹಾಕಿಸಿದರೆ ಆ ರೋಗವನ್ನು ತಡೆಯಬಹುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಬೇಕು.

ಇನ್ನೊಂದು ಮಾತು. ನಾಯಿಯ ಹೊಟ್ಟೆಯ ಹುಳುಗಳು ನಮ್ಮ ಹೊಟ್ಟೆಯನ್ನೂ ಸೇರಬಲ್ಲವು. ಮರಿಯನ್ನು ಮುಟ್ಟಿದ ಮೇಲೆ, ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಯಲು ಮರೆಯಬೇಡಿರಿ.

ಒಂದು ತಿಂಗಳು ಕಳೆಯಿತು. ಮೋತಿಯ ಮೈ ತುಂಬಿತು, ಕೂದಲು ಮಿಂಚತೊಡಗಿತು. ಈಗ ನೀವು ಅಂಗಳದಲ್ಲಿ ಕುಳಿತು ಉಂಡಿ ತಿನ್ನುತ್ತಿದ್ದೀರಿ. ಮೋತಿ ಎದುರಿಗೆ ಕುಳಿತು ನಿಮ್ಮ ಕೈಯನ್ನೇ ನೋಡುತ್ತಿದೆ. ಬಾಲ ನೆಲವನ್ನು ಗುಡಿಸುತ್ತಿದೆ. ಒಂದು ಚೂರು ಕೊಟ್ಟರೇನು ಎಂದು ನಿಮಗೆ ಅನ್ನಿಸುತ್ತದೆ. ಆದರೆ ನೀವು ಕೊಡುವುದಿಲ್ಲ. ಎದ್ದು ಹೋಗಿ ಅದರ ಬಟ್ಟಲನ್ನು ತರುತ್ತೀರಿ. ಊಟದ ಹೊತ್ತು ಆಗಿದೆ. ಮೋತಿ ಕುಣಿಯುತ್ತ ನಿಮ್ಮ ಹಿಂದೆ ಓಡಿಬರುತ್ತದೆ.

ಅಭ್ಯಾಸ

ಶಬ್ದಗಳ ಅರ್ಥ
ಒಗ್ಗು – ಹೊಂದಿಕೆಯಾಗು
ಹಿತ – ಒಳ್ಳೆಯದು
ಅರಗಿಸು – ಜೀರ್ಣಮಾಡು
ವಸಡು – ಹಲ್ಲಿನ ಬುಡದ ಮಾಂಸ
ಸೂಕ್ಷ್ಮದರ್ಶಕ – ಕಣ್ಣಿಗೆ ಕಾಣದ ಚಿಕ್ಕ ವಸ್ತುಗಳನ್ನು ದೊಡ್ಡದಾಗಿ ತೋರಿಸುವ ಉಪಕರಣ
ವಹಿ – ಬರೆಯುವ ಪುಸ್ತಕ
ರೂಢಿ – ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಮೋತಿಯ ಹೊಟ್ಟೆ ಕೆಡಲು ಇದ್ದ ಎರಡು ಕಾರಣಗಳು ಯಾವುವು?
2. ಹಾಲಿನಲ್ಲಿರುವ ಸಕ್ಕರೆಯ ಹೆಸರೇನು?
3. ಎರಡೂವರೆ ತಿಂಗಳ ಮರಿಗೆ ದಿನಕ್ಕೆ ಎಷ್ಟು ಸಲ ಉಣಿಸಬೇಕು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಉಂಡಿಯ ವಿಷಯವನ್ನು ಡಾಕ್ಟರಿಗೆ ಹೇಳಿದ್ದು ಏಕೆ ಒಳ್ಳೆಯದಾಯಿತು?
2. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥವನ್ನು ಏಕೆ ಕೊಡಬೇಕು?
3. ಕೊನೆಯಲ್ಲಿ ನೀವು ಮೋತಿಗೆ ಉಂಡಿ ಕೊಡಲಿಲ್ಲ. ಅದು ಪ್ರೀತಿಯೋ, ಅಲ್ಲವೋ? ನಿಮ್ಮ ವಿಚಾರ ಬರೆಯಿರಿ.

ಇ) ಬಿಟ್ಟ ಸ್ಥಳ ತುಂಬಿರಿ.
1. ಉಳ್ಳಾಗಡ್ಡಿಯು ನಾಯಿಯ ರಕ್ತದ ______ ಕಣಗಳನ್ನು ನಾಶಮಾಡುತ್ತದೆ.
2. ಹೊಸ ಆಹಾರವನ್ನು ______ ದಿನಗಳಲ್ಲಿ ಮೆಲ್ಲಮೆಲ್ಲನೆ ರೂಢಿ ಮಾಡಿಸಬೇಕು.

ಈ) ಮಾದರಿಯಂತೆ ಜೋಡುನುಡಿಗಳನ್ನು ಪಾಠದಿಂದ ಆರಿಸಿ ಬರೆಯಿರಿ.
ಮಾದರಿ: ಮೆಲ್ಲಮೆಲ್ಲನೆ

ಉಪಕ್ರಮ
ನಿಮ್ಮ ಮನೆಯ ಅಥವಾ ನೆರೆಮನೆಯ ಸಾಕುಪ್ರಾಣಿಯೊಂದು ಒಂದು ವಾರ ಏನೇನು ತಿನ್ನುತ್ತದೆ ಎಂದು ನೋಡಿರಿ. ಮೋತಿಯ ವಹಿಯಂತೆ ನಾಲ್ಕು ಗೆರೆ ಎಳೆದು ಬರೆಯಿರಿ. ವರ್ಗದಲ್ಲಿ ಓದಿ ಹೇಳಿರಿ.