ವ್ಯಾಪಾರ ಪತ್ರಗಳಲ್ಲಿ ‘ಕವರ್’

ಅಂಗಡಿಯಲ್ಲಿ ‘ಒಂದು ಕವರ್ ಕೊಡಿ’ ಎಂದು ಕೇಳಿದವರಿಗೆ ಕರ್ನಾಟಕದಲ್ಲಿ ಕೈಚೀಲ ದೊರೆಯುತ್ತದೆ; ಅಂಚೆ ಕಚೇರಿಯಲ್ಲಿ ಅದೇ ಮಾತಿಗೆ ಲಕೋಟೆ ದೊರೆಯುತ್ತದೆ. ದಿಂಬಿನ ಗವಸು, ಪುಸ್ತಕದ ರಕ್ಷಾಪುಟ, ಯಂತ್ರದ ಮೇಲಿನ ಹೊದಿಕೆ ಎಲ್ಲವೂ ನಮ್ಮ ಬಾಯಲ್ಲಿ ಕವರೇ. ಆದರೆ ಕೈಚೀಲವನ್ನು ಈ ಹೆಸರಿನಿಂದ ಕರೆಯುವ ರೂಢಿ ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಇಲ್ಲ. ಮಾದರಿಗಳನ್ನು ‘ಪ್ಲಾಸ್ಟಿಕ್ ಕವರ್’ನಲ್ಲಿ ಇರಿಸಿದೆಯೆಂದು ಬರೆದರೆ ಅಲ್ಲಿಯ ಗ್ರಾಹಕನು ಹೊದಿಕೆಯೊಂದನ್ನು ಹುಡುಕಿಯಾನು. ಈ ಗೊಂದಲದಿಂದ ಹೆಚ್ಚಿನ ಹಾನಿಯೇನೂ ಇಲ್ಲ. ವಿಮೆ, ಬ್ಯಾಂಕು ಮತ್ತು ಟೆಂಡರುಗಳ ಕಾಗದಪತ್ರಗಳಲ್ಲಿ ಇದೇ ಪದವನ್ನು ತಪ್ಪಾಗಿ ಗ್ರಹಿಸಿದಾಗ ಮಾತ್ರ ಅದರ ಬೆಲೆಯನ್ನು ರೂಪಾಯಿಗಳಲ್ಲಿ ತೆರಬೇಕಾಗುತ್ತದೆ.

ಲ್ಯಾಟಿನ್ ಮೂಲದ ಈ ಪದವು ಹಳೆಯ ಫ್ರೆಂಚ್ ಭಾಷೆಯ ಮೂಲಕ ಆಂಗ್ಲಕ್ಕೆ ಬಂದಿತು. ‘ಕರ್ಫ್ಯೂ’ ಎಂಬುದು ಇದರ ದಾಯಾದಿ. ‘ಬೆಂಕಿಯನ್ನು ಮುಚ್ಚು’ ಎಂಬುದು ಅದರ ಮೂಲಾರ್ಥ. ಮಧ್ಯಯುಗದ ಯೂರೋಪಿನ ಪಟ್ಟಣಗಳಲ್ಲಿ ಸಂಜೆ ಗಂಟೆ ಬಾರಿಸಿದೊಡನೆ ಜನರು ಒಲೆಯ ಕೆಂಡವನ್ನು ಮುಚ್ಚಬೇಕಾಗಿತ್ತು. ಕರ್ಚೀಫ್ ಕೂಡ ಮೂಲತಃ ತಲೆಯನ್ನು ಮುಚ್ಚುವ ವಸ್ತ್ರವೇ. ಅದು ಜೇಬಿಗೆ ಇಳಿದದ್ದು ಅನಂತರ. ಮುಚ್ಚುವುದರಿಂದ ರಕ್ಷಿಸುವುದು, ರಕ್ಷಿಸುವುದರಿಂದ ನಷ್ಟದ ಹೊಣೆ ಹೊರುವುದು, ಹೀಗೆ ಅರ್ಥವು ಬೆಳೆದು ವಾಣಿಜ್ಯಕ್ಕೆ ಕಾಲಿಟ್ಟಿತು.

ವಿಮೆಯ ಭಾಷೆಯಲ್ಲಿ ಕವರ್ ಎಂದರೆ ವಿಮಾದಾರನು ಹೊತ್ತ ಹೊಣೆಯ ವ್ಯಾಪ್ತಿ. ‘ಸರಕು ಕವರ್ ಆಗಿದೆ’ ಎಂಬ ವಾಕ್ಯವು ಅಪೂರ್ಣವಾದುದು. ಯಾವ ಅಪಾಯಕ್ಕೆ, ಎಷ್ಟು ಮೊತ್ತಕ್ಕೆ, ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಿಳಿಯದ ಹೊರತು ಅದರಿಂದ ಏನೂ ತಿಳಿದಂತಾಗುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದು ವಿದೇಶದಿಂದ ಸಿ.ಐ.ಎಫ್. ಷರತ್ತಿನ ಮೇಲೆ ಯಂತ್ರಭಾಗಗಳನ್ನು ತರಿಸುತ್ತದೆ ಎಂದು ಇಟ್ಟುಕೊಳ್ಳೋಣ. ಈ ಷರತ್ತಿನಲ್ಲಿ ವಿಮೆ ಮಾಡಿಸುವುದು ಮಾರಾಟಗಾರನ ಕರ್ತವ್ಯ. ಆತನು ಮಾಡಿಸಿಯೂ ಇರುತ್ತಾನೆ. ಆದರೆ 2020ರ ಇನ್‌ಕೋಟರ್ಮ್ಸ್ ನಿಯಮಗಳ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ಆತನು ಕೊಡಬೇಕಾದುದು ‘ಸಿ’ ವರ್ಗದ ಕನಿಷ್ಠ ರಕ್ಷಣೆಯನ್ನು ಮಾತ್ರ. ಬೆಂಕಿ, ಸ್ಫೋಟ, ಹಡಗಿನ ಮುಳುಗಡೆ, ಡಿಕ್ಕಿ ಮುಂತಾದ ದೊಡ್ಡ ಅನಾಹುತಗಳು ಅದರಲ್ಲಿ ಸೇರುತ್ತವೆ. ಕಳವು ಸೇರುವುದಿಲ್ಲ, ಕಂಟೇನರಿನೊಳಗೆ ಸಮುದ್ರದ ನೀರು ನುಗ್ಗಿ ತುಕ್ಕು ಹಿಡಿದರೆ ಅದೂ ಸೇರುವುದಿಲ್ಲ. ನಷ್ಟದ ಹೊಣೆಯಾದರೋ ಸರಕು ಹಡಗನ್ನೇರಿದಾಗಲೇ ಖರೀದಿದಾರನ ಪಾಲಿಗೆ ಬಂದಿರುತ್ತದೆ. ಸಿ.ಐ.ಪಿ. ಷರತ್ತಿನಲ್ಲಾದರೆ ಅದೇ ನಿಯಮಗಳು ‘ಎ’ ವರ್ಗದ ವಿಶಾಲ ರಕ್ಷಣೆಯನ್ನು ಕಡ್ಡಾಯಗೊಳಿಸಿವೆ. ಆದರೂ ವಿಳಂಬದಿಂದಾದ ನಷ್ಟ, ದುರ್ಬಲ ಪ್ಯಾಕಿಂಗ್, ಸರಕಿನ ಸಹಜ ದೋಷ ಇವು ‘ಎ’ ವರ್ಗದಲ್ಲಿಯೂ ಹೊರಗೇ ಉಳಿಯುತ್ತವೆ. ಯುದ್ಧ ಹಾಗೂ ಮುಷ್ಕರದ ಅಪಾಯಗಳಿಗೆ ಪ್ರತ್ಯೇಕ ಷರತ್ತುಗಳನ್ನು ಸೇರಿಸಿಕೊಳ್ಳಬೇಕು.

‘ಕವರ್ ನೋಟ್’ ಮತ್ತು ‘ಓಪನ್ ಕವರ್’ ಎಂಬ ಎರಡು ಮಾತುಗಳನ್ನು ಒಂದೇ ಎಂದು ಭಾವಿಸುವವರು ಅನೇಕರು. ಮೊದಲನೆಯದು ಪಾಲಿಸಿ ಸಿದ್ಧವಾಗುವವರೆಗಿನ ತಾತ್ಕಾಲಿಕ ಪತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನ ವಿಮೆಯ ಕವರ್ ನೋಟಿಗೆ 60 ದಿನಗಳ ಆಯುಷ್ಯವನ್ನು ನಿಗದಿಪಡಿಸಿವೆ. ಎರಡನೆಯದು ಪದೇ ಪದೇ ಸರಕು ಸಾಗಿಸುವ ವರ್ತಕರು ವಿಮಾ ಸಂಸ್ಥೆಯೊಡನೆ ಮಾಡಿಕೊಳ್ಳುವ ದೀರ್ಘಾವಧಿಯ ಒಪ್ಪಂದ. ಪ್ರತಿ ಸಾಗಣೆಯನ್ನೂ ಅದರಡಿಯಲ್ಲಿ ಘೋಷಿಸುತ್ತಾ ಹೋಗಬೇಕು. ಲೆಟರ್ ಆಫ್ ಕ್ರೆಡಿಟ್ ಮೂಲಕ ಹಣ ಪಡೆಯುವ ರಫ್ತುದಾರರಿಗೆ ಈ ಭೇದವು ಜೀವಾಳವಾಗಿದೆ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯ 28ನೆಯ ವಿಧಿಯು ಕವರ್ ನೋಟನ್ನು ಸ್ವೀಕರಿಸಲಾಗದೆಂದು ಸ್ಪಷ್ಟವಾಗಿ ಹೇಳುತ್ತದೆ. ಓಪನ್ ಕವರ್ ಅಡಿಯ ಪ್ರಮಾಣಪತ್ರಕ್ಕಾಗಲಿ ಘೋಷಣೆಗಾಗಲಿ ಅಂತಹ ಅಡ್ಡಿಯಿಲ್ಲ. ಸರಕು ಉತ್ತಮವಾಗಿದ್ದು ಸಕಾಲದಲ್ಲಿ ಹಡಗನ್ನೇರಿದ್ದರೂ, ಕಡತದಲ್ಲಿ ತಪ್ಪು ‘ಕವರ್’ ಇದ್ದುದರಿಂದ ಬ್ಯಾಂಕು ಹಣ ಪಾವತಿಯನ್ನು ನಿರಾಕರಿಸಬಹುದು.

ವಿದೇಶಿ ವಿನಿಮಯದಲ್ಲಿ ‘ಫಾರ್ವರ್ಡ್ ಕವರ್’ ಎಂದರೆ ಮೂರು ತಿಂಗಳ ನಂತರ ಬರಲಿರುವ ಡಾಲರಿಗೆ ಇಂದೇ ದರವನ್ನು ನಿಗದಿ ಮಾಡಿಕೊಳ್ಳುವುದು. ಇದು ವಿಮೆಯಲ್ಲ. ವಿಮೆಯಲ್ಲಿ ಅಪಾಯ ಸಂಭವಿಸದಿದ್ದರೆ ಕಂತಿನ ಹಣ ಮಾತ್ರ ಹೋಗುತ್ತದೆ. ಇಲ್ಲಿ ಡಾಲರಿನ ಬೆಲೆ ಏರಿದರೂ ರಫ್ತುದಾರನು ಒಪ್ಪಿದ ದರಕ್ಕೇ ಬದ್ಧನಾಗಿರಬೇಕು. ಷೇರುಪೇಟೆಯ ‘ಶಾರ್ಟ್ ಕವರಿಂಗ್’ ಇನ್ನೊಂದು ಬಗೆಯದು: ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಆ ಬಾಧ್ಯತೆಯನ್ನು ತೀರಿಸಲು ಅನಂತರ ಕೊಳ್ಳುವುದು. ಹೋಟೆಲು ಉದ್ಯಮದಲ್ಲಿ ‘200 ಕವರ್’ ಎಂದರೆ ಮುಚ್ಚಳಗಳಲ್ಲ, 200 ಮಂದಿಯ ಊಟ. ‘ಈ ಬೆಲೆಯಿಂದ ವೆಚ್ಚ ಮಾತ್ರ ಕವರ್ ಆಗುತ್ತದೆ’ ಎಂದು ಸರಬರಾಜುದಾರನು ಬರೆದರೆ ಲಾಭವಿಲ್ಲವೆಂಬುದು ಆತನ ಇಂಗಿತ. ನಂಬುವುದು ಬಿಡುವುದು ಕೊಳ್ಳುವವರಿಗೆ ಸೇರಿದ್ದು.

ಪತ್ರಲೇಖನದಲ್ಲಿ ‘ಕವರಿಂಗ್ ಲೆಟರ್’ ದಾಖಲೆಗಳ ಜೊತೆಯಲ್ಲಿ ಇರಿಸುವ ಪತ್ರ. ‘ಅಂಡರ್ ಸೆಪರೇಟ್ ಕವರ್’ ಎಂದಿದ್ದರೆ ದಾಖಲೆಗಳು ಬೇರೆ ಲಕೋಟೆಯಲ್ಲಿ ಬರಲಿವೆ ಎಂದರ್ಥ. ಇದನ್ನರಿಯದ ಗುಮಾಸ್ತನು ಬಂದ ಲಕೋಟೆಯನ್ನೇ ಮತ್ತೆ ಮತ್ತೆ ಜಾಲಾಡುವುದುಂಟು.

ಸರ್ಕಾರಿ ಟೆಂಡರುಗಳಲ್ಲಿಯೂ ಲಕೋಟೆಯ ಅರ್ಥವೇ ಇದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿ 2000ದಲ್ಲಿ ರಚಿಸಲಾದ ನಿಯಮಗಳಲ್ಲಿ ‘ಎರಡು ಕವರ್’ ಪದ್ಧತಿಗೆ ಅವಕಾಶವಿದೆ. ಮೊದಲನೆಯದರಲ್ಲಿ ಬಿಡ್ಡುದಾರನ ಅರ್ಹತೆಯ ವಿವರ, ಎರಡನೆಯದರಲ್ಲಿ ದರ. ಇ-ಸಂಗ್ರಹಣೆ ಬಂದ ಮೇಲೆ ಕಾಗದದ ಲಕೋಟೆಯೂ ಅರಗಿನ ಮುದ್ರೆಯೂ ಹೋದವು, ಹೆಸರು ಮಾತ್ರ ಉಳಿಯಿತು. ಎರಡೂ ಕವರುಗಳು ಈಗ ಕಂಪ್ಯೂಟರಿನ ಪರದೆಯ ಮೇಲಿನ ವಿಭಾಗಗಳಾಗಿರುವುದರಿಂದ, ದರಪಟ್ಟಿಯನ್ನು ಅವಸರದಲ್ಲಿ ಮೊದಲನೆಯದಕ್ಕೇ ಸೇರಿಸಿಬಿಡುವ ಸಂಭವ ಹೆಚ್ಚು. ಅಂತಹ ಬಿಡ್ಡು ತಿರಸ್ಕೃತವಾಗಬಹುದು. ಅರ್ಹತೆಯ ಹಂತದಲ್ಲಿ ತೇರ್ಗಡೆಯಾಗದವರ ಎರಡನೆಯ ಕವರನ್ನಂತೂ, ಅದರಲ್ಲಿ ಎಷ್ಟೇ ಕಡಿಮೆ ದರವಿರಲಿ, ತೆರೆಯುವುದೇ ಇಲ್ಲ.